ಯಾರ ನಾದ, ಯಾರ ತಟ್ಟೆ?

(ಬೀದರ್ ತಾಲ್ಲೂಕಿನ ಜನವಾಡದಲ್ಲಿ ನೀಡಿದ ಉಪನ್ಯಾಸದ ಪಾಠ)



ರಾಕ್ ಸಂಗೀತ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗಿಟಾರು, ಉದ್ದ ಕೂದಲು, ಕಿವಿಗಡಚಿಕ್ಕುವ ಸದ್ದು. ಅದಕ್ಕೂ ಕನ್ನಡ ನಾಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಜರ್ಮನಿಯ ಒಂದು ರಾಕ್ ತಂಡವೂ ಬೆಂಗಳೂರಿನ ಒಂದು ತಾಳವಾದ್ಯ ಶಾಲೆಯೂ ಕೂಡಿ 1980ರಲ್ಲಿ 'ಲೈಫ್' ಎಂಬ ಧ್ವನಿಮುದ್ರಿಕೆಯನ್ನು ಹೊರತಂದವು. ಅದನ್ನು ಪ್ರಕಟಿಸಿದ್ದು ದೊಡ್ಡ ಕಂಪನಿಯಲ್ಲ. ಕಲಾವಿದರೇ ಕಟ್ಟಿಕೊಂಡ ಸಂಸ್ಥೆ. ಈ ಕೊನೆಯ ಸಂಗತಿಯೇ ಇಂದಿನ ನನ್ನ ಮಾತಿನ ವಿಷಯ.

ಆ ತಂಡದ ಹೆಸರು ಎಂಬ್ರಿಯೋ, ಎಂದರೆ ಭ್ರೂಣ. 1969ರಲ್ಲಿ ಮ್ಯೂನಿಕ್ ನಗರದಲ್ಲಿ ಕ್ರಿಸ್ಟಿಯನ್ ಬುರ್ಖಾರ್ಡ್ ಮತ್ತು ಗೆಳೆಯರು ಅದನ್ನು ಕಟ್ಟಿದರು. ಬುರ್ಖಾರ್ಡ್ ಡ್ರಮ್ ಬಾರಿಸುತ್ತಿದ್ದರು. ಲೋಹದ ಪಟ್ಟಿಗಳನ್ನು ಕೋಲಿನಿಂದ ತಟ್ಟಿ ನುಡಿಸುವ ವೈಬ್ರಾಫೋನ್ ಅವರ ಇನ್ನೊಂದು ವಾದ್ಯ. ಮೊದಲ ವರ್ಷಗಳಲ್ಲಿ ತಂಡ ಕಂಪನಿಗಳ ಆಶ್ರಯದಲ್ಲೇ ಇತ್ತು. ಆದರೆ ಹಾಡಿಲ್ಲದೆ ವಾದ್ಯಗಳಷ್ಟೇ ದೀರ್ಘವಾಗಿ ಮಾತನಾಡುವ ಎರಡು ಧ್ವನಿಮುದ್ರಿಕೆಗಳನ್ನು ಸಿದ್ಧಪಡಿಸಿದಾಗ, ಇವು ಮಾರಾಟವಾಗುವ ಸರಕಲ್ಲವೆಂದು ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ ಒಪ್ಪಲಿಲ್ಲ. 1973ರಲ್ಲಿ ಬೇರೊಂದು ಕಂಪನಿಯ ಮೂಲಕ ಅವು ಹೊರಬಂದವು.

ಇಲ್ಲಿ ವ್ಯವಹಾರವನ್ನು ಸ್ವಲ್ಪ ಅರಿಯಬೇಕು. ಸ್ಟುಡಿಯೋ ಬಾಡಿಗೆ, ತಟ್ಟೆ ಅಚ್ಚುಹಾಕುವ ಖರ್ಚು, ಅಂಗಡಿಗಳಿಗೆ ಸಾಗಿಸುವ ಹೊಣೆ, ಎಲ್ಲವನ್ನೂ ಕಂಪನಿ ಹೊರುತ್ತದೆ. ಪ್ರತಿಯಾಗಿ ಮೂಲ ಧ್ವನಿಸುರುಳಿ ಸಾಮಾನ್ಯವಾಗಿ ಕಂಪನಿಯದಾಗುತ್ತದೆ. ಯಾವುದು ಹೊರಬರಬೇಕು, ಯಾವುದು ಕಪಾಟಿನಲ್ಲಿ ಕೂರಬೇಕು ಎಂಬ ತೀರ್ಮಾನವೂ ಅದರದೇ. ಸಾಲ ಕೊಟ್ಟವನೇ ಹೊಲದ ಪಹಣಿ ಬರೆಸಿಕೊಂಡ ಹಾಗೆ.

ಈ ಕಟ್ಟಿನಿಂದ ಬಿಡಿಸಿಕೊಳ್ಳಲು 1976ರಲ್ಲಿ ಎಂಬ್ರಿಯೋ ಮತ್ತಿತರ ಕೆಲವು ಜರ್ಮನ್ ತಂಡಗಳು ಸಹಕಾರ ಪದ್ಧತಿಯಲ್ಲಿ ತಮ್ಮದೇ ಪ್ರಕಾಶನ ಆರಂಭಿಸಿದವು. ಅದೇ ಮುಂದೆ 'ಷ್ನೇಬಾಲ್', ಎಂದರೆ ಹಿಮದ ಉಂಡೆ, ಎಂದು ಹೆಸರಾಯಿತು. ಜಾಹೀರಾತಿನ ಬಲವಿಲ್ಲ, ಮಾರಾಟದ ದೊಡ್ಡ ಜಾಲವಿಲ್ಲ. ಆದರೆ 'ಇದು ಮಾರಾಟವಾಗದು' ಎಂದು ಹೇಳಿ ಬಾಗಿಲು ಮುಚ್ಚುವವರೂ ಇಲ್ಲ.

1978ರಲ್ಲಿ ತಂಡ ಬಸ್ಸು ಹತ್ತಿತು. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಭಾರತಕ್ಕೆ ಬಂತು. ದಾರಿಯುದ್ದಕ್ಕೂ ಸ್ಥಳೀಯ ಕಲಾವಿದರೊಡನೆ ನುಡಿಸಿದ್ದನ್ನು ಬಳಿಕ ಎರಡು ತಟ್ಟೆಗಳಲ್ಲಿ ಹೊರತಂದರು. ಸರಿಯಾಗಿ ಅದೇ ಕಾಲದಲ್ಲಿ ಇರಾನ್ ಮತ್ತು ಅಫ್ಘಾನಿಸ್ತಾನಗಳ ರಾಜಕೀಯ ತಲೆಕೆಳಗಾಯಿತು. ಯುರೋಪಿನಿಂದ ಬಸ್ಸಿನಲ್ಲಿ ಹೀಗೆ ಬರುವ ಹಾದಿ ಮುಚ್ಚಿತು.

ಬೆಂಗಳೂರಿನ ಶಾಲೆಯೆಂದರೆ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಸ್ಥಾಪಿಸಿದ್ದು. ಮೃದಂಗ, ಘಟ, ಖಂಜಿರಗಳ ಜೊತೆಗೆ ಗಾಯಕಿ ಆರ್.ಎ. ರಮಾಮಣಿ ಅವರ ಕಂಠವೂ ಆ ತಂಡದ ಶಕ್ತಿ. ಕಂಠವಿದ್ದ ಮೇಲೆ ಅದು ವಾದ್ಯಸಂಗೀತ ಹೇಗಾದೀತು ಎನ್ನುವಿರಾ? ನಮ್ಮಲ್ಲಿ ಕೊನ್ನಕ್ಕೋಲ್ ಎಂಬ ಕಲೆಯಿದೆ. 'ತಕತಕಿಟ' ಎಂದರೆ ಐದು, 'ತಕಿಟತಕಧಿಮಿ' ಎಂದರೆ ಏಳು. ಅಲ್ಲಿ ಅರ್ಥವಿಲ್ಲ, ಎಣಿಕೆಯಿದೆ, ಕಂಠವೇ ವಾದ್ಯವಾಗುತ್ತದೆ. ರಾಕ್ ಸಂಗೀತ ಬಹುಮಟ್ಟಿಗೆ ನಾಲ್ಕರ ನಡೆಯಲ್ಲಿ ಸಾಗುವುದು. ಅದರ ಪಕ್ಕದಲ್ಲಿ ಐದು, ಏಳುಗಳು ನಡೆದಾಗ ಯಾರಾದರೊಬ್ಬರು ಹೊಸದಾಗಿ ಹೆಜ್ಜೆ ಕಲಿಯಲೇಬೇಕು.

ವಿದೇಶೀ ಧ್ವನಿಮುದ್ರಿಕೆಗಳಲ್ಲಿ ಸಿತಾರ್, ತಬಲಾಗಳು ಊಟದೆಲೆಯ ಉಪ್ಪಿನಕಾಯಿಯಂತೆ ಬಂದುಹೋದದ್ದೇ ಹೆಚ್ಚು. 'ಲೈಫ್' ಹಾಗಲ್ಲ. ಅದು ಬೆಂಗಳೂರಿನ ಶಾಲೆಯ ಹೆಸರನ್ನೂ ತಂಡದ ಹೆಸರನ್ನೂ ಒಟ್ಟಿಗೆ ಹೊತ್ತು ಬಂತು. ಬಿದ್ರಿ ಪಾತ್ರೆಯಲ್ಲಿ ಕಪ್ಪು ಲೋಹವೂ ಕಾಣುತ್ತದೆ, ಬೆಳ್ಳಿಯ ಎಳೆಯೂ ಕಾಣುತ್ತದೆ. ಒಂದು ಇನ್ನೊಂದನ್ನು ನುಂಗುವುದಿಲ್ಲ. ಸರಿಯಾದ ಕೂಡಾಟ ಅಂಥದ್ದು.

ಬಿದ್ರಿಯ ಮಾತು ಬಂತು. ಆ ಕಲೆಗೆ ನಮ್ಮ ಬೀದರಿನ ಹೆಸರೇ ಅಂಟಿದೆ. ಭೌಗೋಳಿಕ ಸೂಚಕದ ಕಾನೂನು ರಕ್ಷಣೆಯೂ ಇದೆ. ಆದರೆ ನಮ್ಮ ನಾದದ ಗತಿಯೇನು? ಜಾತ್ರೆಯಲ್ಲಿ, ಮದುವೆಯಲ್ಲಿ ಹಲಗಿ ಬಾರಿಸುವವನ ಸುತ್ತ ಇಂದು ಹತ್ತು ಮೊಬೈಲುಗಳು ಎದ್ದು ನಿಲ್ಲುತ್ತವೆ. ಸಂಜೆಯೊಳಗೆ ಆ ನಾದ ಊರು ದಾಟಿರುತ್ತದೆ. ಬಾರಿಸಿದವನ ಹೆಸರು ಮಾತ್ರ ಊರಲ್ಲೇ ಉಳಿದಿರುತ್ತದೆ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ, ಹಾಡುವವರಿಗೂ ನುಡಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು. ತನ್ನ ಪ್ರದರ್ಶನ ತನ್ನದೆಂದು ಗುರುತಿಸಿಕೊಳ್ಳುವ ಹಕ್ಕನ್ನು 2012ರ ತಿದ್ದುಪಡಿ ಸೇರಿಸಿತು. ಆದರೆ ಕೇಳುವವರಿಲ್ಲದ ಹಕ್ಕು ಕಾಗದದಲ್ಲೇ ಮಲಗಿರುತ್ತದೆ.

ಮ್ಯೂನಿಕ್ಕಿನವರಂತೆ ನಾವೂ ತಟ್ಟೆ ಅಚ್ಚುಹಾಕಬೇಕಿಲ್ಲ. ಮುದ್ರಿಸುವ ಯಂತ್ರ ಈಗ ಅಂಗಿಯ ಜೇಬಿನಲ್ಲೇ ಇದೆ. ಮೊದಲು ಬಾರಿಸುವವನ ಅನುಮತಿ ಕೇಳೋಣ. ಅವನ ಹೆಸರು, ಊರು, ದಿನಾಂಕ, ನುಡಿಸಿದ ವರಸೆ, ಇಷ್ಟನ್ನು ಬರೆದಿಡೋಣ. ಒಂದು ಪ್ರತಿಯನ್ನು ಅವನ ಮನೆಗೇ ಕೊಡೋಣ. ಇಷ್ಟಕ್ಕೆ ಕಂಪನಿಯೂ ಬೇಡ, ಸರ್ಕಾರದ ಆದೇಶವೂ ಬೇಡ.