ಮನೆಯಲ್ಲೇ ಹಾಡಿನ ಧ್ವನಿಮುದ್ರಣ: ಮೊದಲು ಕೊಳ್ಳಬೇಕಾದದ್ದೇನು?



ಗಡಿನಾಡಿನ ನಮ್ಮ ಊರುಗಳಲ್ಲಿ ಹಾಡಿಗೆ ಬರವಿಲ್ಲ. ಕಾಸರಗೋಡಿನ ಕಡೆ ಯಕ್ಷಗಾನದ ಪದಗಳಿವೆ. ಅಕ್ಕಲಕೋಟೆ, ಜತ್ತಿನ ಕಡೆ ಬೀಸುವ ಪದ, ಭಜನೆಯ ಪದಗಳಿವೆ. ತಾಳವಾಡಿಯ ಕಡೆ ಮಾದೇಶ್ವರನ ಪದಗಳು, ಮಡಕಶಿರಾದ ಕಡೆ ತತ್ವಪದ, ಕೋಲಾಟದ ಪದಗಳಿವೆ. ಇವುಗಳಲ್ಲಿ ಎಷ್ಟೋ ಹಾಡುಗಳು ಯಾವ ಪುಸ್ತಕದಲ್ಲಿಯೂ ಇಲ್ಲ, ಹಿರಿಯರ ನಾಲಗೆಯ ಮೇಲಷ್ಟೇ ಇವೆ. ನಮ್ಮ ಮಕ್ಕಳು ಶಾಲೆಯಲ್ಲಿ ಮಲಯಾಳವನ್ನೋ ಮರಾಠಿಯನ್ನೋ ತಮಿಳನ್ನೋ ತೆಲುಗನ್ನೋ ಕಲಿಯುತ್ತಾರೆ. ಕಲಿಯಲಿ, ಅದೂ ಬೇಕು. ಆದರೆ ಅಜ್ಜಿಯ ಹಾಡನ್ನು ಅವರಿಗೆ ಕಲಿಸುವ ಶಾಲೆ ಮಾತ್ರ ಮನೆಯೇ. ಆ ಹಾಡನ್ನು ಧಾಟಿಸಮೇತ ಉಳಿಸಬೇಕಾದರೆ ಬರೆದುಕೊಂಡರೆ ಸಾಲದು, ಧ್ವನಿಯಾಗಿಯೇ ಹಿಡಿದಿಡಬೇಕು.

ಈಗ ಅನೇಕ ಭಜನಾ ಮಂಡಳಿಗಳೂ ಯುವಕ ಸಂಘಗಳೂ ವಂತಿಗೆ ಕೂಡಿಸಿ, ಮನೆಯ ಒಂದು ಕೋಣೆಯಲ್ಲೇ ಸಣ್ಣ ಸ್ಟುಡಿಯೋ ಮಾಡಲು ಹೊರಟಿವೆ. ಸಂತೋಷದ ಸಂಗತಿ. ಆದರೆ ಅಂಗಡಿಗೆ ಕಾಲಿಟ್ಟೊಡನೆ ಕಣ್ಣಿಗೆ ಬೀಳುವುದು ಹತ್ತಾರು ಗುಂಡಿಗಳ ಮಿಕ್ಸರ್, ಮಿನುಗುವ ದೀಪ, ದೊಡ್ಡ ಸ್ಪೀಕರ್. ಹಣವೆಲ್ಲ ಅಲ್ಲಿಗೆ ಹೋದರೆ, ಮೈಕ್ ಕೊಳ್ಳುವ ಹೊತ್ತಿಗೆ ಕೈ ಬರಿದಾಗಿರುತ್ತದೆ. ಆದ್ದರಿಂದ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಕೊಳ್ಳಬೇಕೆಂಬುದನ್ನು ಇಂದು ನೋಡೋಣ.

ಅಂಗಡಿಗೆ ಹೋಗುವ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾವು ಯಾರ ಧ್ವನಿಯನ್ನು ಹಿಡಿಯಬೇಕಾಗಿದೆ? ಒಬ್ಬರು ಕುಳಿತು ಹಾಡುವುದನ್ನೋ? ಹಾರ್ಮೋನಿಯಂ, ತಬಲಾ ಕೂಡಿದ ಭಜನೆಯನ್ನೋ? ಚೆಂಡೆ, ಮದ್ದಳೆಯೊಡನೆ ಭಾಗವತರು ಹಾಡುವುದನ್ನೋ? ಈ ಮೂರಕ್ಕೂ ಬೇಕಾಗುವ ಸಾಮಾನು ಬೇರೆ ಬೇರೆ. ಪೇಟೆಯ ಸ್ಟುಡಿಯೋದಲ್ಲಿ ಹಾಡುವವರೇ ಯಂತ್ರಕ್ಕೆ ಹೊಂದಿಕೊಳ್ಳಬೇಕು. ಮನೆಯಲ್ಲಾದರೆ ಯಂತ್ರವನ್ನು ಹಾಡುವವರಿಗೆ ಹೊಂದಿಸಬಹುದು. ಮನೆಯ ಸ್ಟುಡಿಯೋದ ದೊಡ್ಡ ಅನುಕೂಲವೇ ಇದು.

ಇನ್ನು ಕೋಣೆಯ ವಿಚಾರ. ಇದಕ್ಕೆ ಹಣ ಬೇಕಿಲ್ಲ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಝಣ್ ಎಂದು ಗೋಡೆಯಿಂದ ಗೋಡೆಗೆ ಮರಳಿದರೆ, ಎಂಥ ಬೆಲೆಬಾಳುವ ಮೈಕ್ ತಂದರೂ ಹಾಡು ಖಾಲಿ ಹಂಡೆಯೊಳಗೆ ಹಾಡಿದಂತೆ ಕೇಳುತ್ತದೆ. ಈಗಿನ ಕಾಂಕ್ರೀಟು ಕೋಣೆಗಳಲ್ಲಿ ಈ ತೊಂದರೆ ಹೆಚ್ಚು. ಹಾಡುವವರ ಬೆನ್ನ ಹಿಂದೆ ಮತ್ತು ಎರಡು ಬದಿಗೆ ದಪ್ಪ ಕೌದಿ, ಕಂಬಳಿ ತೂಗಿಬಿಡಿ. ನೆಲಕ್ಕೆ ಜಮಖಾನ ಹಾಸಿ. ಹತ್ತಿಯ ಹಾಸಿಗೆಯೊಂದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆಂದು ಹಲವರು ಹೇಳುತ್ತಾರೆ. ತೆಳುವಾದ ಆ ರಟ್ಟು ಹೊರಗಿನ ಸದ್ದನ್ನು ತಡೆಯುವುದಿಲ್ಲ, ಒಳಗಿನ ಮಾರ್ದನಿಯನ್ನೂ ಹೆಚ್ಚು ತಗ್ಗಿಸುವುದಿಲ್ಲ. ಹೊರಗಿನ ಸದ್ದಿಗೆ ಮದ್ದೆಂದರೆ ಸಮಯವನ್ನು ಆರಿಸಿಕೊಳ್ಳುವುದೇ. ಬಸ್ಸು, ಪಂಪ್‌ಸೆಟ್ಟು, ಗಿರಣಿ ಸುಮ್ಮನಿರುವ ಹೊತ್ತು ನಿಮ್ಮ ಊರಿನಲ್ಲಿ ಯಾವುದೆಂದು ನಿಮಗೇ ಗೊತ್ತು. ಆ ಹೊತ್ತಿನಲ್ಲಿ ಫ್ಯಾನು, ಫ್ರಿಜ್ಜು ಆರಿಸಿ ಕುಳಿತುಕೊಳ್ಳಿ. ಮುಗಿದ ಮೇಲೆ ಫ್ರಿಜ್ಜನ್ನು ಮತ್ತೆ ಹಾಕಲು ಮಾತ್ರ ಮರೆಯಬೇಡಿ.

ಈಗ ಮೈಕ್. ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಡೈನಮಿಕ್ ಮೈಕಿನಲ್ಲಿ ತೆಳುವಾದ ಪೊರೆಗೆ ತಂತಿಯ ಸುರುಳಿ ಅಂಟಿಕೊಂಡಿರುತ್ತದೆ. ಅದು ಅಯಸ್ಕಾಂತದ ನಡುವೆ ಅಲುಗಿದಾಗ ವಿದ್ಯುತ್ತು ಹುಟ್ಟುತ್ತದೆ. ಇದು ಗಟ್ಟಿಮುಟ್ಟು, ಹತ್ತಿರದ ಧ್ವನಿಯನ್ನು ಚೆನ್ನಾಗಿ ಹಿಡಿದು ದೂರದ ಗದ್ದಲವನ್ನು ಹೆಚ್ಚು ಎತ್ತಿಕೊಳ್ಳುವುದಿಲ್ಲ. 1966ರಲ್ಲಿ ಬಂದ ಶೂರ್ ಎಸ್‌ಎಂ 58 ಎಂಬ ಮೈಕ್ ಈ ಜಾತಿಯದು. ಇಂದಿಗೂ ವೇದಿಕೆಗಳಲ್ಲಿ ಬಳಕೆಯಲ್ಲಿದೆ. ಎರಡನೆಯದು ಕಂಡೆನ್ಸರ್ ಮೈಕ್. ಇದು ಸೂಕ್ಷ್ಮ. ಉಸಿರಾಟ, ಬಳೆಯ ಸದ್ದು, ಏಕತಾರಿಯ ನಾದ ಎಲ್ಲವನ್ನೂ ಹಿಡಿಯುತ್ತದೆ, ಅದರ ಜೊತೆಗೆ ಪಕ್ಕದ ಮನೆಯ ಟಿ.ವಿ.ಯನ್ನೂ! ಸ್ಟುಡಿಯೋಗಳಲ್ಲಿ ಬಳಸುವ ಕಂಡೆನ್ಸರ್ ಮೈಕುಗಳಿಗೆ ಕೇಬಲ್ಲಿನ ಮೂಲಕವೇ 48 ವೋಲ್ಟ್ ವಿದ್ಯುತ್ತು ಕೊಡಬೇಕಾಗುತ್ತದೆ.

ಹಾಗಾದರೆ ಯಾವುದು ಬೇಕು? ಕೋಣೆ ಶಾಂತವಾಗಿದ್ದು, ಮೆಲುದನಿಯ ಹಿರಿಯರು ಹಾಡುವವರಾದರೆ ಕಂಡೆನ್ಸರ್. ಗದ್ದಲದ ಮನೆಯಾದರೆ, ಚೆಂಡೆ ಮದ್ದಳೆಯ ನಡುವೆ ಭಾಗವತರ ಕಂಠವನ್ನು ಹಿಡಿಯಬೇಕಾದರೆ ಡೈನಮಿಕ್. ಎರಡು ಜಾತಿಯಲ್ಲೂ ಕಾರ್ಡಿಯಾಯ್ಡ್ ಎಂಬ ಬಗೆಯದನ್ನೇ ಕೇಳಿ ಕೊಳ್ಳಿ. ಇದು ಮುಂದಿನ ಧ್ವನಿಯನ್ನು ಹೆಚ್ಚು, ಬೆನ್ನ ಹಿಂದಿನ ಧ್ವನಿಯನ್ನು ಬಹಳ ಕಡಿಮೆ ಹಿಡಿಯುತ್ತದೆ. ಬೀಸುವ ಪದವನ್ನು ಹಾಡುವ ತಾಯಂದಿರಿಗೆ ಕಲ್ಲಿನ ಮೇಲೆ ಕೈ ಇದ್ದರೇನೇ ಪದ ಸರಾಗವಾಗಿ ಬರುತ್ತದೆ. ಅವರನ್ನು ಕಲ್ಲಿನಿಂದ ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಬೇಡಿ. ಮೈಕಿನ ಮುಖ ಅವರ ಬಾಯಿಯ ಕಡೆಗೂ ಬೆನ್ನು ಕಲ್ಲಿನ ಕಡೆಗೂ ಇರಲಿ. ಕಲ್ಲಿನ ಸದ್ದು ಹಿತವಾಗಿ ಕೆಳಗೆ ಉಳಿಯುತ್ತದೆ, ಲಯವೂ ಕೆಡುವುದಿಲ್ಲ.

ಮೈಕ್ ಎಷ್ಟು ದೂರದಲ್ಲಿರಬೇಕು? ಡೈನಮಿಕ್ ಆದರೆ ಬಾಯಿಯಿಂದ ನಾಲ್ಕು ಬೆರಳು, ಕಂಡೆನ್ಸರ್ ಆದರೆ ಒಂದು ಗೇಣು. ಒಂದು ಗೇಣಿನಿಂದ ಎರಡು ಗೇಣಿಗೆ ಸರಿದರೆ ಮೈಕಿಗೆ ನೇರವಾಗಿ ಬರುವ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗೋಡೆಯಿಂದ ಬರುವ ಮಾರ್ದನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಮ್ಮ ಭಾಷೆಯ ಪ, ಫ, ಭ ಅಕ್ಷರಗಳು ಬಂದಾಗ ಉಸಿರು ಮೈಕಿಗೆ ಬಡಿದು ಡಬ್ ಎನ್ನುತ್ತದೆ. ಇದನ್ನು ತಡೆಯಲು ಪಾಪ್ ಫಿಲ್ಟರ್ ಎಂಬ ಜಾಲರಿ ಸಿಗುತ್ತದೆ. ಕಸೂತಿ ಹಾಕುವ ರಿಂಗಿಗೆ ನೈಲಾನ್ ಕಾಲುಚೀಲವನ್ನು ಬಿಗಿದು ಮೈಕಿನ ಮುಂದೆ ನಿಲ್ಲಿಸಿದರೂ ಅದೇ ಕೆಲಸ ನಡೆಯುತ್ತದೆ.

ಮೂರನೆಯದು, ಮೈಕಿನಿಂದ ಬರುವ ವಿದ್ಯುತ್ ಅಲೆಯನ್ನು ಅಂಕಿಗಳನ್ನಾಗಿಸಿ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ. ಇದಕ್ಕೆ ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಎರಡು ಮೈಕ್ ಸಿಕ್ಕಿಸುವಷ್ಟು ಸಣ್ಣದು ನಮಗೆ ಸಾಕು. ಒಂದು ಹಾಡುವವರಿಗೆ, ಇನ್ನೊಂದು ವಾದ್ಯಕ್ಕೆ. ಕೊಳ್ಳುವಾಗ 48 ವೋಲ್ಟಿನ ಗುಂಡಿ ಇದೆಯೇ, ಹೆಡ್‌ಫೋನಿಗೆ ಜಾಗವಿದೆಯೇ ಎಂದು ನೋಡಿಕೊಳ್ಳಿ. ಒಬ್ಬರೇ ಹಾಡುವವರಾದರೆ ಯುಎಸ್‌ಬಿ ಮೈಕ್ ಎಂಬುದನ್ನು ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಬಹುದು, ಪೆಟ್ಟಿಗೆಯ ಖರ್ಚು ಉಳಿಯುತ್ತದೆ. ಆದರೆ ಮುಂದೆ ಎರಡನೆಯ ಮೈಕ್ ಸೇರಿಸಬೇಕೆಂದಾಗ ಅದು ತೊಡಕಾಗುತ್ತದೆ. ಮನೆಯಿಂದ ಮನೆಗೆ, ಜಗಲಿಯಿಂದ ಗುಡಿಗೆ ತಿರುಗುವ ಮಂಡಳಿಗಳಿಗೆ ಇದಾವುದೂ ಬೇಡ. ಕೈಯಲ್ಲಿ ಹಿಡಿಯುವ ರೆಕಾರ್ಡರ್ ಒಂದನ್ನು ಕೊಳ್ಳಿ. ಎರಡು ಮೈಕ್, ಮೆಮೊರಿ ಕಾರ್ಡ್, ಬ್ಯಾಟರಿ ಎಲ್ಲವೂ ಅದರೊಳಗೇ ಇರುತ್ತವೆ.

ಕಂಪ್ಯೂಟರ್ ಹೊಸದು ಬೇಕೇ? ಬೇಡ. ಮನೆಯಲ್ಲಿ ಓದುವ ಮಕ್ಕಳ ಲ್ಯಾಪ್‌ಟಾಪ್ ಇದ್ದರೆ ಅದೇ ಸಾಕು. ಧ್ವನಿ ಹಿಡಿಯುವುದಕ್ಕೂ ತಿದ್ದುವುದಕ್ಕೂ ಆಡಾಸಿಟಿ ಎಂಬ ತಂತ್ರಾಂಶ 2000ನೇ ಇಸವಿಯಿಂದ ಉಚಿತವಾಗಿಯೇ ಸಿಗುತ್ತಿದೆ. ಹಳ್ಳಿಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಹಾಡಿನ ಕೆಳಗೆ ಗುಂಯ್ ಎಂಬ ಸದ್ದು ಸೇರಿಕೊಳ್ಳುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುವುದರ ಗುರುತು ಅದು. ಚಾರ್ಜರನ್ನು ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿ ನೋಡಿ, ಎಷ್ಟೋ ಸಲ ಆ ಸದ್ದು ಮಾಯವಾಗುತ್ತದೆ.

ನಾಲ್ಕನೆಯದು ಹೆಡ್‌ಫೋನ್. ಕಿವಿಯನ್ನು ಪೂರ್ತಿ ಮುಚ್ಚುವಂಥದನ್ನೇ ಕೊಳ್ಳಿ. ಇಲ್ಲದಿದ್ದರೆ ಅದರ ಸದ್ದು ಸೋರಿ ಮತ್ತೆ ಮೈಕಿಗೇ ಸೇರುತ್ತದೆ. ಅದನ್ನು ಧ್ವನಿಮುದ್ರಣ ಮಾಡುವವರು ಹಾಕಿಕೊಂಡರೆ ಸಾಕು. ಹಾಡುವ ಹಿರಿಯರ ಕಿವಿಗೆ ಕಟ್ಟಿ ಅವರನ್ನು ಗಾಬರಿಪಡಿಸಬೇಕಾಗಿಲ್ಲ. ಸ್ಪೀಕರುಗಳನ್ನು ಮುಂದಿನ ವರ್ಷ ನೋಡಿಕೊಳ್ಳೋಣ.

ಹಣದ ಹಂಚಿಕೆ ಹೇಗೆ? ಕೂಡಿದ ವಂತಿಗೆಯನ್ನು ಹತ್ತು ಪಾಲು ಮಾಡಿ. ಮೂರು ಪಾಲು ಮೈಕಿಗೆ, ಮೂರು ಪಾಲು ಇಂಟರ್‌ಫೇಸಿಗೆ, ಎರಡು ಪಾಲು ಹೆಡ್‌ಫೋನಿಗೆ, ಒಂದು ಪಾಲು ಸ್ಟ್ಯಾಂಡು ಮತ್ತು ಕೇಬಲ್ಲಿಗೆ, ಉಳಿದ ಒಂದು ಪಾಲು ಹಾಡುಗಳನ್ನು ತುಂಬಿಡುವ ಹಾರ್ಡ್ ಡಿಸ್ಕಿಗೆ. ಕೊನೆಯ ಪಾಲನ್ನು ಮಾತ್ರ ಬೇರೆಯದಕ್ಕೆ ತಿರುಗಿಸಬೇಡಿ. ಕಾಸರಗೋಡಿನಂಥ ಮಳೆಯ ಸೀಮೆಯವರು ಕಂಡೆನ್ಸರ್ ಮೈಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗೆ ಇಡಬೇಕು. ಆಟಿ ತಿಂಗಳ ತೇವ ಅದಕ್ಕೆ ಆಗದು.

ಇನ್ನು ಮುದ್ರಿಸುವ ಕ್ರಮ. ಕಂಪ್ಯೂಟರಿನಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಎಂದು ಇಟ್ಟುಕೊಳ್ಳಿ, ವೇವ್ ಫೈಲಾಗಿ ಉಳಿಸಿ. ಒಂದೇ ಮೈಕಿನಲ್ಲಿ ಒಂದು ಗಂಟೆ ಹಾಡಿದರೆ ಅದು ಸುಮಾರು ಅರ್ಧ ಜಿ.ಬಿ. ಜಾಗ ಹಿಡಿಯುತ್ತದೆ, ಅಷ್ಟೆ. ಮೊಬೈಲಿನಲ್ಲಿ ಹಂಚಲು ಎಂಪಿ3 ಮಾಡಿಕೊಳ್ಳಬಹುದು, ಆದರೆ ಮೂಲವನ್ನು ಅಳಿಸಬಾರದು. ಎಂಪಿ3 ಮಾಡುವಾಗ ಬಿಟ್ಟುಹೋದ ಧ್ವನಿಯ ಅಂಶ ಮತ್ತೆ ಬರುವುದಿಲ್ಲ. ಹಾಡು ಏರಿದಾಗಲೂ ಮುಳ್ಳು ಮೈನಸ್ 12 ಡೆಸಿಬಲ್ಲಿನ ಆಸುಪಾಸಿನಲ್ಲೇ ಇರಲಿ. ಕಡಿಮೆ ಬಿದ್ದ ಧ್ವನಿಯನ್ನು ಆಮೇಲೆ ಏರಿಸಬಹುದು. ಮಿತಿ ಮೀರಿ ಒಡೆದುಹೋದ ಧ್ವನಿಯನ್ನು ಮೊದಲಿನಂತೆ ಮಾಡಲಾಗದು.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಗ್ರಾಮಫೋನ್ ಕಂಪನಿಯವರು ಮುದ್ರಿಸಿದರು. ಆಗ ಧ್ವನಿಮುದ್ರಣಕ್ಕೆ ಮೈಕ್ ಬಳಸುತ್ತಿರಲಿಲ್ಲ. ಕಹಳೆಯಂಥ ಕೊಳವೆಯೊಳಗೆ ಹಾಡಬೇಕಿತ್ತು. ಒಂದು ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಹಾಡಿನ ಕೊನೆಯಲ್ಲಿ ಅವರು ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನವರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ! ಆ ಪದ್ಧತಿಯನ್ನು ನಾವೂ ಅನುಸರಿಸೋಣ. ಹಾಡುವವರ ಹೆಸರು, ಊರು, ತಾರೀಖು, ಪದವನ್ನು ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ ಹಾಡುತ್ತಾರೆ ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ ಮುದ್ರಿಸಿಕೊಳ್ಳಿ. ಫೈಲಿಗೆ ಇಟ್ಟ ಹೆಸರು ಅಳಿಸಿಹೋದರೂ ಧ್ವನಿಯೊಳಗಿನ ಹೆಸರು ಉಳಿಯುತ್ತದೆ. ಪ್ರತಿ ಹಾಡಿಗೂ ಮೂರು ಪ್ರತಿಗಳಿರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಮುದ್ರಿಸುವ ಮೊದಲು ಹಾಡುವವರ ಒಪ್ಪಿಗೆ ಕೇಳಿ. ಯೂಟ್ಯೂಬಿಗೆ ಹಾಕುವುದಾದರೆ ಅದಕ್ಕೆ ಬೇರೆಯಾಗಿ ಕೇಳಿ. ಕೆಲವು ಪದಗಳು ಮದುವೆಗೆ, ಕೆಲವು ಸಾವಿನ ಮನೆಗೆ ಸೇರಿದವು. ಅವನ್ನು ಊರೆಲ್ಲ ಕೇಳಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ.

ಕೊನೆಯದಾಗಿ ಒಂದು ಮಾತು. ಮೇಲೆ ಹೇಳಿದ ಸಾಮಾನೆಲ್ಲ ಬರುವವರೆಗೆ ಕಾಯಬೇಡಿ. ವಂತಿಗೆ ಕೂಡಲು ಆರು ತಿಂಗಳು ಬೇಕಾಗಬಹುದು. ಎಂಬತ್ತೈದು ದಾಟಿದ ಅಜ್ಜಿಗೆ ಅಷ್ಟು ಪುರುಸೊತ್ತು ಇದೆಯೆಂದು ಹೇಳುವವರಾರು? ಕೈಯಲ್ಲಿರುವ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಮಡಚಿದ ಟವೆಲ್ಲಿನ ಮೇಲೆ ಅವರ ಮುಂದೆ ಒಂದು ಮೊಳ ದೂರದಲ್ಲಿಟ್ಟು, ಫ್ಯಾನು ಆರಿಸಿ, ಈ ಭಾನುವಾರವೇ ಒಂದು ಪದ ಹಾಡಿಸಿಕೊಳ್ಳಿ. ಒಳ್ಳೆಯ ಮೈಕ್ ಬಂದ ಮೇಲೆ ಅದೇ ಪದವನ್ನು ಇನ್ನೊಮ್ಮೆ ಹಾಡಿಸಿದರಾಯಿತು.