ಹಳೆಯ ಭೂತ, ಹೊಸ ಅಂಗಿ

ಭಯವೂ ಒಂದು ರಸಕ್ಕೆ ಮೂಲವೆಂಬುದನ್ನು ಭರತಮುನಿ ಬಹು ಹಿಂದೆಯೇ ಒಪ್ಪಿಕೊಂಡ. ಶೃಂಗಾರ ವೀರಗಳ ಪಂಕ್ತಿಯಲ್ಲಿ ಭಯಾನಕಕ್ಕೂ ಒಂದು ಮಣೆ ಹಾಕಿ ಕೂರಿಸಿದ. ಮನೆಯ ಹಿರಿಯರಾದ ನಾವು ಮಾತ್ರ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಮಗ ದೆವ್ವದ ಸಿನಿಮಾ ನೋಡುತ್ತೇನೆಂದರೆ, ಮಗಳು ರಕ್ತಪಿಶಾಚಿಯ ಚಿತ್ರಕಥೆ ಹಿಡಿದು ಕುಳಿತರೆ, "ಇದೇನು ಹಾಳು ಓದು!" ಎಂದುಬಿಡುತ್ತೇವೆ. ಶಾಲೆಯ ಉಪಾಧ್ಯಾಯನಾದ ನಾನೂ ಹಾಗೆಯೇ ಅನ್ನಬೇಕಾದವನು. ಅನ್ನಲಾರೆ. ಇಂಗ್ಲೆಂಡಿನ ಹಳೆಯ ಕಾಮಿಕ್ಸುಗಳ ಮೇಲೂ ಅಲ್ಲಿನ ಭಯಾನಕ ಚಲಚ್ಚಿತ್ರಗಳ ಮೇಲೂ ನನಗೆ ಚಿಕ್ಕಂದಿನಿಂದ ಬಂದ ಮೋಹವೊಂದುಂಟು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಕೊಂಡ ಕಾಮಿಕ್ಸುಗಳ ಕಟ್ಟೊಂದು ಇಂದಿಗೂ ನನ್ನ ಕಪಾಟಿನಲ್ಲಿ ಶಬ್ದಮಣಿದರ್ಪಣದ ಪಕ್ಕದಲ್ಲಿಯೇ ಇದೆ. ಇವೆರಡೂ ಜಗಳವಾಡಿದ್ದನ್ನು ನಾನು ಕಂಡಿಲ್ಲ.

ಈ ಹೊತ್ತು ಹೇಳಬೇಕೆಂದಿರುವುದು ಆ ಕಥೆಗಳನ್ನು ಮತ್ತೆ ಮತ್ತೆ ಹೇಳುವ ರೂಢಿಯನ್ನು ಕುರಿತು. ಸಿನಿಮಾದವರು ಇದನ್ನು ರೀಮೇಕ್ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರು ಮೂಗು ಮುರಿಯುವುದುಂಟು. ಸ್ವಂತ ಸರಕಿಲ್ಲದವರ ಕಸುಬು ಎಂಬ ಭಾವನೆ. ಕನ್ನಡ ಕಾವ್ಯ ಓದಿದವನು ಹಾಗೆ ಹೇಳಲಾರ. ಪಂಪ ಹೇಳಿದ್ದು ವ್ಯಾಸರ ಕಥೆಯನ್ನೇ ಅಲ್ಲವೆ? ನಾಗಚಂದ್ರ ರಾಮಾಯಣವನ್ನು ಮತ್ತೆ ಹೇಳುವಾಗ ರಾವಣನನ್ನು ಪಶ್ಚಾತ್ತಾಪಪಡಬಲ್ಲ ಮನುಷ್ಯನನ್ನಾಗಿ ಮಾಡಿ ನಮ್ಮ ಮುಂದೆ ನಿಲ್ಲಿಸಿದ. ಹೇಳುವವನಿಗೆ ತನ್ನದೆಂಬುದೊಂದು ಇದ್ದರೆ ಕಥೆ ಎಷ್ಟು ಹಳೆಯದಾದರೂ ನಡೆಯುತ್ತದೆ. ಭಯದ ಕಥೆಗೆ ಇನ್ನೂ ಒಂದು ತೊಡಕುಂಟು. ಒಂದು ಸಲ ಕಂಡ ಗುಮ್ಮನಿಗೆ ಎರಡನೆಯ ಸಲ ಮಗು ಕೂಡ ಹೆದರುವುದಿಲ್ಲ. ಆದ್ದರಿಂದ ಅಂಥ ಕಥೆಯನ್ನು ಮತ್ತೆ ಹೇಳುವವನು ತನ್ನ ಕಾಲದ ಅಂಜಿಕೆ ಎಲ್ಲಿದೆಯೆಂದು ಹುಡುಕಿ ತರಬೇಕಾಗುತ್ತದೆ.

ಇದಕ್ಕೆ ಪೀಠಿಕೆಯಾಗಿ ಒಂದು ವಿಚಿತ್ರ ಸಂಗತಿಯನ್ನು ಕೇಳಿ. 1954ನೆಯ ಇಸವಿ ಸೆಪ್ಟೆಂಬರ್ 23ರ ಸಂಜೆ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗಾರ್ಬಲ್ಸ್ ಎಂಬ ಬಡವರ ಕೇರಿಯಲ್ಲಿ ನೂರಾರು ಮಕ್ಕಳು ಕೋಲು ಚಾಕುಗಳನ್ನು ಹಿಡಿದು ಅಲ್ಲಿನ ದೊಡ್ಡ ಸ್ಮಶಾನಕ್ಕೆ ನುಗ್ಗಿದರು. ಏಳಡಿ ಎತ್ತರದ, ಕಬ್ಬಿಣದ ಹಲ್ಲಿನ ರಕ್ತಪಿಶಾಚಿಯೊಂದು ಇಬ್ಬರು ಹುಡುಗರನ್ನು ಕೊಂದಿದೆ, ಅದನ್ನು ಹಿಡಿದೇ ತೀರಬೇಕು ಎಂಬುದು ಅವರ ಹಟ. ಹತ್ತಿರದ ಕಬ್ಬಿಣದ ಕಾರ್ಖಾನೆಯ ಕುಲುಮೆಯಿಂದ ಆಕಾಶವೆಲ್ಲ ಕೆಂಪಾಗಿತ್ತಂತೆ. ಕೊನೆಗೆ ಶಾಲೆಯ ಹೆಡ್‌ಮಾಸ್ತರರ ಗದರಿಕೆಯೂ ಮಳೆಯೂ ಸೇರಿ ಅವರನ್ನು ಮನೆಗಟ್ಟಿದುವು. ಆ ಊರಿನಲ್ಲಿ ಕಾಣೆಯಾದ ಹುಡುಗರು ಯಾರೂ ಇರಲಿಲ್ಲ.

ಅಮೆರಿಕದಿಂದ ಬರುತ್ತಿದ್ದ ಭಯಾನಕ ಕಾಮಿಕ್ಸುಗಳೇ ಇದಕ್ಕೆಲ್ಲ ಕಾರಣವೆಂದು ಪತ್ರಿಕೆಗಳು ಬರೆದುವು. ಉಪಾಧ್ಯಾಯರ ಸಂಘ, ಧರ್ಮಗುರುಗಳು, ಕಮ್ಯುನಿಸ್ಟರು, ಹೀಗೆ ಎಂದೂ ಒಂದು ಪಂಕ್ತಿಯಲ್ಲಿ ಊಟಕ್ಕೆ ಕೂರದವರೆಲ್ಲ ಈ ವಿಷಯದಲ್ಲಿ ಒಂದಾದರು. ಮರುವರ್ಷ, 1955ರಲ್ಲಿ, ಮಕ್ಕಳಿಗೆ ಹಾನಿಕರವಾದ ಚಿತ್ರಕಥೆಗಳನ್ನು ಅಚ್ಚುಮಾಡುವುದನ್ನೂ ಮಾರುವುದನ್ನೂ ತಡೆಯುವ ಕಾನೂನು ಪಾರ್ಲಿಮೆಂಟಿನಲ್ಲಿ ಆಯಿತು. ಕಬ್ಬಿಣದ ಹಲ್ಲಿನ ಮೃಗ ಬೈಬಲಿನ ದಾನಿಯೇಲನ ಗ್ರಂಥದಲ್ಲಿಯೇ ಇದೆ. ಕಬ್ಬಿಣದ ಹಲ್ಲಿನ ಜೆನ್ನಿ ಎಂಬ ಗುಮ್ಮಿಯ ಪದ್ಯವೂ ಸ್ಕಾಟ್ಲೆಂಡಿನಲ್ಲಿ ಹಳೆಯದು. ಇವೆರಡನ್ನು ಯಾರೂ ಕಾನೂನಿನ ಕೆಳಗೆ ತರಲಿಲ್ಲವೆನ್ನಿ!

ಕಾಮಿಕ್ಸನ್ನು ಬೈಯುವುದರ ಬದಲು ಒಳ್ಳೆಯದೊಂದನ್ನು ಮಾಡಿ ತೋರಿಸಿದವರೂ ಇದ್ದರು. ಮಾರ್ಕಸ್ ಮಾರಿಸ್ ಎಂಬ ಪಾದ್ರಿಗಳು ಚಿತ್ರಕಾರ ಫ್ರಾಂಕ್ ಹ್ಯಾಂಪ್ಸನ್ ಅವರೊಡನೆ ಸೇರಿ 1950ರ ಏಪ್ರಿಲ್ 14ರಂದು ಈಗಲ್, ಅಂದರೆ ಹದ್ದು, ಎಂಬ ವಾರಪತ್ರಿಕೆಯನ್ನು ಹೊರತಂದರು. ಅದರ ಮೊದಲ ಪುಟದ ನಾಯಕನೇ ಅಂತರಿಕ್ಷದ ಸಾಹಸಿ ಡ್ಯಾನ್ ಡೇರ್. ಮೊದಲ ಯೋಚನೆಯಲ್ಲಿ ಅವನೂ ಒಬ್ಬ ಪಾದ್ರಿಯೇ ಆಗಬೇಕಾಗಿತ್ತು. ಪುಣ್ಯಕ್ಕೆ ವಿಮಾನ ನಡೆಸುವವನಾದ. ಹ್ಯಾಂಪ್ಸನ್ನರ ಚಿತ್ರಗಳನ್ನು ನೋಡಿದರೆ ಇಂದಿಗೂ ಕಣ್ಣು ತಣಿಯುತ್ತದೆ. ಆಕಾಶನೌಕೆಗಳ ಮಾದರಿಗಳನ್ನು ಮಾಡಿಟ್ಟುಕೊಂಡು, ಸಹಾಯಕರನ್ನು ವೇಷ ಹಾಕಿಸಿ ನಿಲ್ಲಿಸಿ ಫೋಟೋ ತೆಗೆದು, ಆಮೇಲೆ ಬರೆಯುತ್ತಿದ್ದರು. ಆದರೆ ತಾವು ಸೃಷ್ಟಿಸಿದ ಪಾತ್ರದ ಮೇಲೆ ಅವರಿಗೆ ಹಕ್ಕಿರಲಿಲ್ಲ. 1959ರಲ್ಲಿ ಅವರು ಆ ಚಿತ್ರಕಥೆಯನ್ನು ಬಿಟ್ಟರು. ಡ್ಯಾನ್ ಡೇರ್ ಪ್ರಕಾಶಕರ ಬಳಿಯೇ ಉಳಿದ.

1977ರಲ್ಲಿ 2000 ಎ.ಡಿ. ಎಂಬ ಹೊಸ ಪತ್ರಿಕೆ ಡೇರನನ್ನು ಮರಳಿ ಕರೆತಂದಿತು. ಅಪಘಾತವಾಗಿ, ಬಹುಕಾಲ ನಿದ್ರೆಯಲ್ಲಿದ್ದು, ಬೇರೆ ಮುಖ ಹೊತ್ತು, ಬೇರೆ ಶತಮಾನದಲ್ಲಿ ಎದ್ದ ಡೇರ್! ಮುಖ ಬೇರೆ, ಕಾಲ ಬೇರೆ, ಗುಣವೂ ಬೇರೆ ಎಂದ ಮೇಲೆ ಹಳೆಯ ಹೆಸರಿನ ಅಗತ್ಯವೇನಿತ್ತು? ಅಂಗಡಿಯಲ್ಲಿ ಮಾರಾಟವಾಗಲೆಂದು, ಅಷ್ಟೆ. ಅದೇ ಪತ್ರಿಕೆ ಸ್ವಂತವಾಗಿ ಹುಟ್ಟಿಸಿದ ಜಡ್ಜ್ ಡ್ರೆಡ್ ಎಷ್ಟು ಗಟ್ಟಿಯಾದ ಪಾತ್ರವೆಂಬುದನ್ನು ನೋಡಿದಾಗ ಈ ಎರವಲು ಇನ್ನೂ ಬಡವಾಗಿ ಕಾಣುತ್ತದೆ. ಆ ಡ್ರೆಡ್ಡನ ಪಾಡೂ ಸಿನಿಮಾದವರ ಕೈಯಲ್ಲಿ ಎರಡು ಬಗೆಯಾಯಿತು. ಕಾಮಿಕ್ಸಿನಲ್ಲಿ ಅವನು ಶಿರಸ್ತ್ರಾಣ ತೆಗೆದು ಮುಖ ತೋರಿಸುವವನಲ್ಲ. ಕಾನೂನಿಗೆ ಮುಖವಿಲ್ಲವೆಂಬುದೇ ಆ ಕಥೆಯ ಭಯ. 1995ರ ಚಿತ್ರದಲ್ಲಿ ನಟನ ಮುಖ ಕಾಣಲೆಂದು ಅದನ್ನು ತೆಗೆಸಿದರು. 2012ರ ಚಿತ್ರದಲ್ಲಿ ಕಾರ್ಲ್ ಅರ್ಬನ್ ಕೊನೆಯವರೆಗೂ ತೆಗೆಯಲಿಲ್ಲ. ಯಾವುದು ಮೂಲವನ್ನು ಓದಿ ಮಾಡಿದ್ದೆಂದು ನಾನು ಹೇಳಬೇಕಾಗಿಲ್ಲ.

ಇರಲಿ, ಐವತ್ತರ ದಶಕಕ್ಕೆ ಹಿಂತಿರುಗೋಣ. ಕಾನೂನು ಮಕ್ಕಳ ಬಾಗಿಲನ್ನು ಮುಚ್ಚಿದ ಎರಡೇ ವರ್ಷಕ್ಕೆ ದೊಡ್ಡವರ ಬಾಗಿಲೊಂದು ತೆರೆಯಿತು. ಹದಿನಾರು ತುಂಬದವರಿಗೆ ಪ್ರವೇಶವಿಲ್ಲವೆಂಬ ಎಕ್ಸ್ ಸರ್ಟಿಫಿಕೇಟಿನ ಅಡಿಯಲ್ಲಿ ಹ್ಯಾಮರ್ ಎಂಬ ಸಣ್ಣ ಸಂಸ್ಥೆಯವರು ಥೇಮ್ಸ್ ನದಿಯ ದಂಡೆಯ ಬ್ರೇ ಎಂಬಲ್ಲಿನ ಹಳೆಯ ಬಂಗಲೆಯೊಂದರಲ್ಲಿ ಚಿತ್ರ ತೆಗೆಯುತ್ತಿದ್ದರು. 1957ರಲ್ಲಿ ಅವರು ಫ್ರಾಂಕೆನ್‌ಸ್ಟೈನನ ಕಥೆಯನ್ನು ಮತ್ತೆ ಕೈಗೆತ್ತಿಕೊಂಡರು. ನಿರ್ದೇಶಕರು ಟೆರೆನ್ಸ್ ಫಿಶರ್.

ಮೇರಿ ಶೆಲ್ಲಿಯ ಕಾದಂಬರಿ 1818ರದು. ಅದರಿಂದ ಅಮೆರಿಕದ ಯೂನಿವರ್ಸಲ್ ಸಂಸ್ಥೆ 1931ರಲ್ಲಿ ತೆಗೆದ ಚಿತ್ರ ಲೋಕಪ್ರಸಿದ್ಧ. ಬೋರಿಸ್ ಕಾರ್ಲಾಫರ ಚಪ್ಪಟೆ ನೆತ್ತಿ, ಕತ್ತಿನ ಎರಡು ಕಡೆ ಲೋಹದ ಗೂಟ: ಆ ವೇಷವನ್ನು ನೀವು ಎಲ್ಲಾದರೂ ಕಂಡೇ ಇರುತ್ತೀರಿ. ಆ ವೇಷ ತಮ್ಮ ಸ್ವತ್ತೆಂದು ಯೂನಿವರ್ಸಲಿನವರು ಕಾವಲು ಕೂತಿದ್ದರು. ಹ್ಯಾಮರಿನವರು ಅದನ್ನು ಮುಟ್ಟುವಂತಿರಲಿಲ್ಲ. ಈ ತಡೆಯೇ ಒಂದು ವರವಾಯಿತೆಂದು ನನ್ನ ಎಣಿಕೆ. ಭೂತದ ಮುಖವನ್ನು ಬಿಟ್ಟು ಅದನ್ನು ಮಾಡಿದವನ ಮುಖವನ್ನು ನೋಡುವುದು ಅವರಿಗೆ ಅನಿವಾರ್ಯವಾಯಿತು. ಯೂನಿವರ್ಸಲಿನ ಚಿತ್ರಮಾಲೆಯಲ್ಲಿ ಭೂತ ಅದೇ, ಡಾಕ್ಟರು ಬದಲಾಗುತ್ತಾ ಹೋಗುತ್ತಾರೆ. ಹ್ಯಾಮರಿನ ಮಾಲೆಯಲ್ಲಿ ಪೀಟರ್ ಕುಶಿಂಗ್ ನಟಿಸಿದ ಬ್ಯಾರನ್ ಚಿತ್ರದಿಂದ ಚಿತ್ರಕ್ಕೆ ನಡೆದುಬರುತ್ತಾನೆ, ಭೂತಗಳು ಬದಲಾಗುತ್ತವೆ.

ಈ ಬ್ಯಾರನ್ ಯಾರು? ಓದಿದವನು, ನಯವಾದ ಮಾತಿನವನು, ಉಡುಪಿನಲ್ಲಿ ಅಚ್ಚುಕಟ್ಟು. ತನಗೊಂದು ಒಳ್ಳೆಯ ಮಿದುಳು ಬೇಕೆಂದು ವೃದ್ಧ ಪ್ರಾಧ್ಯಾಪಕರೊಬ್ಬರನ್ನು ಮನೆಗೆ ಊಟಕ್ಕೆ ಕರೆದು, ಮಹಡಿಯ ಮೇಲಿಂದ ತಳ್ಳಿ ಕೊಲ್ಲುತ್ತಾನೆ. ಇನ್ನೊಂದು ಕಡೆ, ಹೆಣದ ಮೇಲೆ ಕೆಲಸ ಮಾಡುತ್ತ, ಕೈಗಂಟಿದ ರಕ್ತವನ್ನು ತನ್ನ ಕೋಟಿಗೇ ಒರೆಸಿಕೊಳ್ಳುತ್ತಾನೆ. ನಮ್ಮ ಅಡಿಗೆಯವರು ಕೈಯನ್ನು ಹೆಗಲ ವಸ್ತ್ರಕ್ಕೆ ಒರೆಸುವಷ್ಟೇ ಸಹಜವಾಗಿ. ನನಗೆ ಮೈ ಜುಮ್ಮೆಂದದ್ದು ಅಲ್ಲಿ. ಕ್ರಿಸ್ಟೋಫರ್ ಲೀ ಅವರ ಭೂತ ಪಾಪದ ಪ್ರಾಣಿ, ನೋಡಿದರೆ ಮರುಕವಾಗುತ್ತದೆ. ಹಿರೋಷಿಮಾದ ಮೇಲೆ ಬಾಂಬು ಬಿದ್ದು ಹನ್ನೆರಡು ವರ್ಷಗಳಾಗಿದ್ದ ಕಾಲವದು. ಜಾಣನಾದ ಮನುಷ್ಯ ತನ್ನ ಪ್ರಯೋಗಕ್ಕಾಗಿ ಏನನ್ನು ಬೇಕಾದರೂ ಮಾಡಿಯಾನು ಎಂಬ ಅಂಜಿಕೆ ನೋಡುವವರ ಎದೆಯಲ್ಲಿ ಮೊದಲೇ ಇತ್ತು. ಆಗಿನ ವಿಮರ್ಶಕರು ಚಿತ್ರವನ್ನು ಅಸಹ್ಯವೆಂದು ಬೈದರು. ಜನ ಮಾತ್ರ ಟಿಕೆಟ್ಟಿಗೆ ಸಾಲುಗಟ್ಟಿ ನಿಂತರು. ಈ ಒಂದು ಸಲ ಜನರ ಪಕ್ಷವೇ ನನ್ನದು.

ಮರುವರ್ಷದ ಡ್ರಾಕುಲಾ ಇನ್ನೂ ಅಚ್ಚುಕಟ್ಟು. ಬ್ರಾಮ್ ಸ್ಟೋಕರರ 1897ರ ಕಾದಂಬರಿ ದೊಡ್ಡದು. ಹಡಗಿನ ಪ್ರಯಾಣವೇ ಒಂದು ಕಥೆ. ಹ್ಯಾಮರಿನವರ ಬಳಿ ಹಡಗಿಗೆ ಹಣವೆಲ್ಲಿಂದ ಬರಬೇಕು? ಹಡಗನ್ನು ಬಿಟ್ಟರು, ಇಂಗ್ಲೆಂಡನ್ನೂ ಬಿಟ್ಟರು, ಎಂಬತ್ತು ಚಿಲ್ಲರೆ ನಿಮಿಷಗಳಲ್ಲಿ ಮುಗಿಸಿದರು. ಲೀ ಅವರ ಡ್ರಾಕುಲಾ ಮೆಟ್ಟಿಲಿಳಿದು ಬಂದು ಸಭ್ಯ ಗೃಹಸ್ಥನಂತೆ ನಾಲ್ಕು ಮಾತಾಡುತ್ತಾನೆ. ಆಮೇಲೆ ಚಿತ್ರ ಮುಗಿಯುವವರೆಗೂ ಮಾತೇ ಇಲ್ಲ. ಮಾತು ನಿಂತ ಮೇಲೆ ಮನುಷ್ಯ ಹೋಗಿ ಮೃಗ ಉಳಿಯುತ್ತದೆ. ಕೊನೆಯಲ್ಲಿ ಕುಶಿಂಗ್ ಮೇಜಿನ ಮೇಲೆ ಓಡಿ, ನೆಗೆದು, ಪರದೆಯನ್ನು ಕಿತ್ತು ಬಿಸಿಲನ್ನು ಒಳಗೆ ಬಿಡುವುದು, ಎರಡು ದೀಪದ ಕಂಬಗಳನ್ನು ಅಡ್ಡಡ್ಡ ಹಿಡಿದು ಶಿಲುಬೆ ಮಾಡುವುದು: ಇವನ್ನು ನಾನು ಎಷ್ಟು ಸಲ ನೋಡಿದ್ದೇನೆಂದು ಮನೆಯವರನ್ನು ಕೇಳಿದರೆ ಬೇಸರದಿಂದ ಲೆಕ್ಕ ಹೇಳುತ್ತಾರೆ.

ಮೂಲವನ್ನು ಹಾಗೆಹಾಗೆಯೇ ನಕಲು ಮಾಡಿದರೆ ಆಗದೆ ಎಂದರೆ, ಅದನ್ನೂ ಒಬ್ಬರು ಮಾಡಿ ನೋಡಿದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಹಿಚ್‌ಕಾಕ್ ಅಮೆರಿಕದಲ್ಲಿ ತೆಗೆದ 1960ರ ಸೈಕೊ ಚಿತ್ರವನ್ನು 1998ರಲ್ಲಿ ಹೆಚ್ಚುಕಡಿಮೆ ದೃಶ್ಯಕ್ಕೆ ದೃಶ್ಯದಂತೆ ಬಣ್ಣದಲ್ಲಿ ಮತ್ತೆ ತೆಗೆದರು. ಹುಡುಗ ಪದ್ಯವನ್ನು ಬಾಯಿಪಾಠ ಒಪ್ಪಿಸಿದಂತಿದೆ. ತಪ್ಪಿಲ್ಲ, ಅರ್ಥವೂ ಇಲ್ಲ.

ಇದಕ್ಕಿಂತ ನನಗೆ ನೋವು ಕೊಟ್ಟದ್ದು 'ದಿ ವಿಕರ್ ಮ್ಯಾನ್' ಚಿತ್ರದ ಗತಿ. 1973ರ ಮೂಲಚಿತ್ರದ ನಿರ್ದೇಶಕರು ರಾಬಿನ್ ಹಾರ್ಡಿ. ಹೋವಿ ಎಂಬ ಪೊಲೀಸ್ ಸಾರ್ಜೆಂಟ್ ಕಾಣೆಯಾದ ಹುಡುಗಿಯೊಬ್ಬಳನ್ನು ಹುಡುಕುತ್ತ ಸ್ಕಾಟ್ಲೆಂಡಿನ ದ್ವೀಪವೊಂದಕ್ಕೆ ಬರುತ್ತಾನೆ. ಅವನು ಕಟ್ಟಾ ಕ್ರೈಸ್ತ, ವ್ರತನಿಷ್ಠ. ದ್ವೀಪದವರು ಕ್ರೈಸ್ತಧರ್ಮಕ್ಕಿಂತ ಹಿಂದಿನ ದೇವರುಗಳನ್ನು ಪೂಜಿಸುವವರು. ಅವರೂ ಅಷ್ಟೇ ನಿಷ್ಠರು, ನಗುನಗುತ್ತ ಹಾಡಿಕೊಂಡು ಇರುವವರು. ಹಿಂದಿನ ವರ್ಷ ಅವರ ಸೇಬಿನ ಬೆಳೆ ಕೈಕೊಟ್ಟಿದೆ. ಕೊನೆಯನ್ನು ಹೇಳಿ ನಿಮ್ಮ ಸಂಜೆಯನ್ನು ಕೆಡಿಸಲಾರೆ. ಭೂತವಿಲ್ಲ, ಕತ್ತಲೆಯೂ ಹೆಚ್ಚಿಲ್ಲ, ಹಾಡುಹಗಲೇ ಎಲ್ಲ ನಡೆಯುತ್ತದೆ. ಎರಡು ಶ್ರದ್ಧೆಗಳು ಎದುರುಬದುರು ನಿಂತಿವೆ, ಎರಡೂ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಕಥೆಯ ತೊಲೆ ಅದು. ಇಂಥ ಚಿತ್ರವನ್ನು ಆಗ ಕತ್ತರಿಸಿ, ಇನ್ನೊಂದು ಚಿತ್ರದ ಬಾಲಕ್ಕೆ ಕಟ್ಟಿ ಬಿಡುಗಡೆ ಮಾಡಿದರೆಂಬುದು ಬೇರೆ ದುಃಖ.

2006ರಲ್ಲಿ ಅಮೆರಿಕದಲ್ಲಿ ಇದನ್ನು ಮತ್ತೆ ತೆಗೆದರು. ದ್ವೀಪ ಅಮೆರಿಕದ್ದಾಯಿತು, ಆಗಲಿ. ಸೇಬಿನ ಬದಲು ಜೇನು ಬಂತು, ಬರಲಿ. ಆಳುವವರು ಹೆಂಗಸರಾದರು, ಅದರಿಂದಲೂ ಹೊಸ ಕಥೆಯೊಂದು ಹುಟ್ಟಬಹುದಾಗಿತ್ತು. ಆದರೆ ನಾಯಕನ ಧರ್ಮಶ್ರದ್ಧೆಯನ್ನೇ ತೆಗೆದುಹಾಕಿ ಅದರ ಜಾಗದಲ್ಲಿ ಇಟ್ಟದ್ದೇನು? ಜೇನುಹುಳು ಕಚ್ಚಿದರೆ ಅವನ ಮೈಗೆ ಆಗದು ಎಂಬ ಒಂದು ಕಾಯಿಲೆ! ತೊಲೆ ಕಿತ್ತ ಮೇಲೆ ಚಾವಣಿ ನಿಲ್ಲುವುದೆಂತು? ಹೆದರಬೇಕಾದ ಕಡೆಗಳಲ್ಲಿ ಜನ ನಕ್ಕರು. ಇಂದಿಗೂ ನಗಲೆಂದೇ ಅದನ್ನು ಹಾಕಿಕೊಂಡು ನೋಡುವವರಿದ್ದಾರೆ.

ಇನ್ನು ಕಾಮಿಕ್ಸಿನ ಮಾತು ಸ್ವಲ್ಪ ಉಳಿದಿದೆ. 1984ರಲ್ಲಿ ಸ್ಕ್ರೀಮ್, ಅಂದರೆ ಚೀತ್ಕಾರ, ಎಂಬ ಮಕ್ಕಳ ವಾರಪತ್ರಿಕೆ ಹೊರಟಿತು. ಅದರಲ್ಲಿ ಡ್ರಾಕುಲಾ ಮತ್ತೆ ಬಂದ. ಈ ಸಲ ಅವನು ದಾಟಿ ಬಂದದ್ದು ಕಬ್ಬಿಣದ ತೆರೆಯನ್ನು. ಪೂರ್ವ ಯುರೋಪಿನಿಂದ ಪಾರಾಗಿ ಬಂದ ನಿರಾಶ್ರಿತನೆಂದು ಪಶ್ಚಿಮದವರು ಬರಮಾಡಿಕೊಂಡರು. ಅವನು ಯಾರೆಂದು ಬಲ್ಲ ರಷ್ಯದ ಗೂಢಚಾರಿ ಅಧಿಕಾರಿಯೊಬ್ಬ ಬೆನ್ನುಹತ್ತಿದ. ಶೀತಲ ಸಮರದ ಕಾಲದ ಹುಡುಗರಿಗೆ ಇದಕ್ಕಿಂತ ಬೇರೆ ಬೇಕೆ? ಪತ್ರಿಕೆ ಮಾತ್ರ 15 ಸಂಚಿಕೆಗಳಿಗೇ ನಿಂತಿತು. ಆಗಿನ ರೂಢಿಯಂತೆ ಅದನ್ನು ಇನ್ನೊಂದರೊಳಗೆ ಸೇರಿಸಿದರು. ಯಾವುದರೊಳಗೆ ಬಲ್ಲಿರಾ? 1982ರಲ್ಲಿ ಹೊಸದಾಗಿ ಹೊರಟಿದ್ದ ಈಗಲ್‌ನೊಳಗೆ. ಭಯಾನಕದಿಂದ ಮಕ್ಕಳನ್ನು ಕಾಪಾಡಲೆಂದು ಪಾದ್ರಿಗಳು ಹೊರತಂದ ಪತ್ರಿಕೆಯ ಹೆಸರಿನ ಪಕ್ಕದಲ್ಲಿಯೇ ಚೀತ್ಕಾರದ ಹೆಸರೂ ಅಚ್ಚಾಯಿತು!

ಹಾಗೆ ಸೇರಿಬಂದ ಕಥೆಗಳಲ್ಲಿ 'ಹದಿಮೂರನೆಯ ಮಹಡಿ' ನನಗೆ ಬಲು ಇಷ್ಟವಾದದ್ದು. ಎತ್ತರದ ಬಾಡಿಗೆ ಮನೆಗಳ ಕಟ್ಟಡವೊಂದನ್ನು ನೋಡಿಕೊಳ್ಳುವುದು ಮ್ಯಾಕ್ಸ್ ಎಂಬ ಕಂಪ್ಯೂಟರು. ಅಪಶಕುನವೆಂದು ಆ ಕಟ್ಟಡದಲ್ಲಿ ಹದಿಮೂರನೆಯ ಮಹಡಿಯನ್ನು ಲೆಕ್ಕದಿಂದ ಬಿಟ್ಟಿದ್ದಾರೆ. ಬಾಡಿಗೆದಾರರಿಗೆ ಕಿರುಕುಳ ಕೊಡುವವರು ಬಂದರೆ ಮ್ಯಾಕ್ಸ್ ಅವರನ್ನು ಲಿಫ್ಟಿನಲ್ಲಿ ಆ ಇಲ್ಲದ ಮಹಡಿಗೆ ಒಯ್ದು, ಮಾಯಾದೃಶ್ಯಗಳನ್ನು ತೋರಿಸಿ ಪ್ರಾಣ ಹೋಗುವಂತೆ ಹೆದರಿಸುತ್ತದೆ. ಹೋಸೆ ಓರ್ತಿಸ್ ಅವರ ಕಪ್ಪುಬಿಳುಪಿನ ಚಿತ್ರಗಳು ಈಗಲೂ ಕಣ್ಣಿಗೆ ಕಟ್ಟಿವೆ. ಹಳೆಯ ಕಾಮಿಕ್ಸುಗಳ ಹಕ್ಕನ್ನು 2016ರಲ್ಲಿ ಕೊಂಡ ರೆಬೆಲಿಯನ್ ಸಂಸ್ಥೆಯವರು ಮರುವರ್ಷ ಒಂದು ವಿಶೇಷ ಸಂಚಿಕೆಯಲ್ಲಿ ಮ್ಯಾಕ್ಸನನ್ನು ಮತ್ತೆ ತಂದರು. 1984ರಲ್ಲಿ ಮನೆಮಂದಿಯ ಚಲನವಲನವನ್ನೆಲ್ಲ ಗಮನಿಸುತ್ತಿರುವ ಯಂತ್ರವೆಂದರೆ ಬರಿಯ ಕಲ್ಪನೆ. ಈಗ ಅದು ನಮ್ಮ ನಿಮ್ಮೆಲ್ಲರ ಜೇಬಿನಲ್ಲಿದೆ. ಇದನ್ನು ಯಾರಾದರೂ ಚಲಚ್ಚಿತ್ರ ಮಾಡಿದರೆ ನಾನು ಮೊದಲ ದಿನವೇ ಟಿಕೆಟ್ಟು ಕೊಂಡು ಹೋಗುವವನು. ಮಾಡುವವರಲ್ಲಿ ನನ್ನದೊಂದೇ ಬೇಡಿಕೆ: ಮ್ಯಾಕ್ಸನ ದನಿಯನ್ನು ಕರ್ಕಶ ಮಾಡಬೇಡಿ. ಅವನಿಗೆ ತನ್ನ ಬಾಡಿಗೆದಾರರ ಮೇಲೆ ನಿಜವಾಗಿಯೂ ಅಕ್ಕರೆ. ಹೆದರಿಕೆ ಹುಟ್ಟುವುದು ಆ ಅಕ್ಕರೆಯಿಂದ.