ಬಾಯ್ಕಾಟ್ ಎಂಬೊಬ್ಬ ಮನುಷ್ಯ



ಮನುಷ್ಯರ ಹೆಸರು ಕಾಯಿಲೆಗೆ ಅಂಟಿಕೊಳ್ಳುವುದು ವೈದ್ಯರಾದ ನಮಗೆ ಹೊಸತಲ್ಲ. ಅಲ್ಲಿ ಹೆಸರು ಕಂಡುಹಿಡಿದವರದು. ರಾಜಕೀಯದಲ್ಲಿ ಹಾಗಲ್ಲ, ಪೆಟ್ಟು ತಿಂದವರ ಹೆಸರೂ ಉಳಿಯುತ್ತದೆ. 'ಬಾಯ್ಕಾಟ್' ಅಂಥದ್ದು. (ಕ್ರಿಕೆಟ್ಟಿನ ಬಾಯ್ಕಾಟ್ ಅಲ್ಲ. 1978ರಲ್ಲಿ ನಮ್ಮ ಕ್ರೈಸ್ಟ್‌ಚರ್ಚಿನ ಲ್ಯಾಂಕಾಸ್ಟರ್ ಪಾರ್ಕಿನಲ್ಲಿ ಬೋಥಮ್ ಆತನನ್ನು ಬೇಕೆಂದೇ ರನ್ ಔಟ್ ಮಾಡಿಸಿದ ಕಥೆ ಬೇರೆ!)

ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನುದಾರರ ಏಜೆಂಟ್. 1880ರಲ್ಲಿ ಬೆಳೆ ಕೈಕೊಟ್ಟಾಗ ಒಕ್ಕಲುಗಳು ಗೇಣಿಯಲ್ಲಿ ಶೇಕಡಾ 25 ಕಡಿತ ಕೇಳಿದರು. ಧಣಿ ಒಪ್ಪಿದ್ದು ಶೇಕಡಾ 10ಕ್ಕೆ. ಬಾಯ್ಕಾಟ್ ಒಕ್ಕಲೆಬ್ಬಿಸಲು ಹೊರಟರು.  ಆಳುಗಳು ಕೆಲಸ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಬೇರೆ ಜಿಲ್ಲೆಗಳಿಂದ 50 ಜನ ಬಂದು, ಸುಮಾರು ಸಾವಿರ ಸೈನಿಕರ ಕಾವಲಿನಲ್ಲಿ ಫಸಲು ತೆಗೆದರು. ಸುಮಾರು 500 ಪೌಂಡಿನ ಬೆಳೆಗೆ ಖರ್ಚು 10,000 ಪೌಂಡ್ ಎಂದು ಅಂದಾಜು! 'ಆಸ್ಟ್ರಸೈಸ್' ಎಂಬ ಪದ ರೈತರಿಗೆ ಅರ್ಥವಾಗದೆಂದು, ಆ ಊರಿನ ಪಾದ್ರಿ ಓಮ್ಯಾಲಿ ಅವರು ಸಾಹೇಬರ ಹೆಸರನ್ನೇ ಕ್ರಿಯಾಪದ ಮಾಡಿದರೆಂದು ಪತ್ರಕರ್ತ ರೆಡ್‌ಪಾತ್ ಬರೆದಿದ್ದಾರೆ.

ಅದೇ ಸೆಪ್ಟೆಂಬರಿನಲ್ಲಿ ನಾಯಕ ಪಾರ್ನೆಲ್ ಎನ್ನಿಸ್ ಪಟ್ಟಣದಲ್ಲಿ, ಒಕ್ಕಲೆಬ್ಬಿಸಿದವನ ಜಮೀನನ್ನು ಹಿಡಿದವನನ್ನು ಹಿಂದಿನ ಕಾಲದ ಕುಷ್ಠರೋಗಿಯಂತೆ ದೂರವಿಡಿ ಎಂದಿದ್ದರು. ನಮ್ಮ ಲಿಟಲ್‌ಟನ್ ಬಂದರಿನೆದುರಿನ ಕ್ವೇಲ್ ದ್ವೀಪಕ್ಕೆ ಪಿಕ್ನಿಕ್ ಹೋದವರು ಇಲ್ಲಿ ಅನೇಕರಿದ್ದೀರಿ. 1906ರಿಂದ 1925ರವರೆಗೆ ಕುಷ್ಠರೋಗಿಗಳನ್ನು ಇಟ್ಟಿದ್ದು ಅಲ್ಲಿಯೇ. ಕಾಯಿಲೆಗೆ ಈಗ ಹ್ಯಾನ್ಸೆನ್ ಎಂಬ ಕುಲನಾಮ ಕೊಟ್ಟಿದ್ದೇವೆ, ಹಳೆಯ ಹೆಸರಿನ ಕಳಂಕ ತೊಳೆಯಲೆಂದು.

ಕನ್ನಡದಲ್ಲಿ ನಾವು 'ಬಹಿಷ್ಕಾರ' ಎಂದೆವು. ಅಲ್ಲೇ ಒಂದು ತೊಡಕು. ಐರ್ಲೆಂಡಿನಲ್ಲಿ ಬಡವರು ಬಲಿಷ್ಠನನ್ನು ಹೊರಗಿಟ್ಟರು. ನಮ್ಮ ಹಳ್ಳಿಗಳ ಬಹಿಷ್ಕಾರವೋ ಬಲಿಷ್ಠರು ಬಡವರಿಗೆ ಹಾಕುವುದು: ಬಾವಿಯಿಲ್ಲ, ಅಂಗಡಿಯಿಲ್ಲ, ಕೂಲಿಯಿಲ್ಲ. ದಲಿತರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯಿದೆಗೆ 2015ರಲ್ಲಿ ತಂದ ತಿದ್ದುಪಡಿ ಇದನ್ನು ಅಪರಾಧವೆಂದಿತು. ಅದರ ಇಂಗ್ಲಿಷ್ ಪಾಠದಲ್ಲಿ ಬಾಯ್ಕಾಟ್ ಸಾಹೇಬರ ಹೆಸರೇ ಇದೆ.

ಎಂ.ಬಿ.ಬಿ.ಎಸ್. ಓದುವಾಗ ಫೀಸು ಏರಿಸಿದ್ದಕ್ಕೆ ನಾವೂ ತರಗತಿ ಬಾಯ್ಕಾಟ್ ಮಾಡಿದ್ದೆವು. ನಮ್ಮಲ್ಲೊಬ್ಬ, ಸ್ಕಾಲರ್‌ಶಿಪ್ ನಂಬಿ ಓದುತ್ತಿದ್ದವನು, ಒಳಗೆ ಹೋದ. ಮುಷ್ಕರ ನಾಲ್ಕು ದಿನಕ್ಕೆ ಮುಗಿಯಿತು. ಅವನೊಡನೆ ಮಾತು ಬಿಟ್ಟದ್ದು ಮಾತ್ರ ವರ್ಷವಿಡೀ. ಮೆಸ್ಸಿನಲ್ಲಿ ಅವನು ಕೂತ ಮೇಜಿಗೆ ಯಾರೂ ಹೋಗುತ್ತಿರಲಿಲ್ಲ. ಒಂದು ದಿನ ಹುಳಿಯ ಪಾತ್ರೆ ಇತ್ತ ಕೊಡಿರೆಂದು ಕೇಳಿದ. ನಾವು ಕೊಡಲಿಲ್ಲ. ಎದ್ದು ಬಂದು ತಾನೇ ಬಡಿಸಿಕೊಂಡು ಹೋದ.